ಕದ್ದು ನೋಡುವ ಅನಿಮೆ: ಬಿಡಬೇಕೆ, ಹೇಳಬೇಕೆ?

ಪ್ರಶ್ನೆ: ನನಗೆ 27 ವರ್ಷ. ಕೆಲಸ ಚೆನ್ನಾಗಿ ನಡೆದಿದೆ, ಆರೋಗ್ಯಕ್ಕೂ ತೊಂದರೆಯಿಲ್ಲ. ಹೈಸ್ಕೂಲಿನಿಂದಲೂ ಅನಿಮೆ, ಅಂದರೆ ಜಪಾನಿನ ಅನಿಮೇಶನ್ ಸರಣಿ, ಸಿನಿಮಾಗಳನ್ನು ನೋಡುತ್ತೇನೆ. ವಾರದ ದಿನಗಳಲ್ಲಿ ರಾತ್ರಿ ಎರಡು ಎಪಿಸೋಡ್. ಶನಿವಾರ ಬಂದರೆ ಲೆಕ್ಕ ತಪ್ಪುತ್ತದೆ. ಒಂದಿಡೀ ಸೀಸನ್ ಮುಗಿಸಿ ಬೆಳಗಿನ ಜಾವ ಮಲಗಿದ್ದೂ ಇದೆ. ಯಾರಿಗೂ ಹೇಳಿಲ್ಲ. ರೂಮಿಗೆ ಯಾರಾದರೂ ಬಂದರೆ ತಕ್ಷಣ ಫುಟ್‌ಬಾಲ್ ಮ್ಯಾಚಿನ ಟ್ಯಾಬ್‌ಗೆ ಹಾರುತ್ತೇನೆ. ಮೂರು ತಿಂಗಳ ಹಿಂದೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ನನ್ನ ಫೋನಿನ ಲಾಕ್‌ಸ್ಕ್ರೀನ್ ನೋಡಿ "ಇನ್ನೂ ಕಾರ್ಟೂನ್ ನೋಡ್ತೀಯೇನೋ?" ಎಂದು ಜೋರಾಗಿ ನಕ್ಕ. ಆಮೇಲೆ ತನ್ನ ಫೋನಿನಲ್ಲಿ ಒಂದು ಅಶ್ಲೀಲ ಚಿತ್ರ ಹುಡುಕಿ ತೆಗೆದು "ಇವನು ನೋಡೋದು ಇದನ್ನೇ" ಎಂದು ಮೇಜಿನ ಸುತ್ತ ತೋರಿಸಿದ. ಅವತ್ತಿನಿಂದ ಒಬ್ಬನೇ ಊಟ ಮಾಡುತ್ತಿದ್ದೇನೆ. ಅಣ್ಣನಿಗೆ ಗೊತ್ತಾದಾಗ "ಗಂಡಸಾಗೋದು ಯಾವಾಗ? ಅದನ್ನ ನೋಡಿದ್ರೆ ಫಿಟ್ಸ್ ಬೇರೆ ಬರುತ್ತೆ" ಅಂದ. ಮೂರು ಸಲ ಎಲ್ಲ ಅಳಿಸಿ, ಚಂದಾ ರದ್ದು ಮಾಡಿದ್ದೇನೆ. ಮೂರು ಸಲವೂ ಹತ್ತು ಹದಿನೈದು ದಿನಕ್ಕೆ ವಾಪಸ್. ಇನ್ನು ನಾಲ್ಕು ತಿಂಗಳಿಗೆ ನನ್ನ ಮದುವೆ. ಹುಡುಗಿಗೆ ಏನೂ ಹೇಳಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅನಿಮೆ ಪಾತ್ರಗಳ ಹನ್ನೊಂದು ಗೊಂಬೆಗಳು, ಫಿಗರ್‌ಗಳಿವೆ. ಮೊನ್ನೆ ತೆಗೆದು ನೋಡಿದರೆ ಅಂಟಂಟಾಗಿದ್ದವು, ಅವನ್ನೂ ಎಸೆದುಬಿಡಲೇ ಅನ್ನಿಸಿತು. ನನ್ನ ಮನಸ್ಸು ಬೆಳೆದಿಲ್ಲವೇ? ಇದು ಚಟವೇ? ಬಿಡಬೇಕೆ, ಇಲ್ಲ ಹೇಳಿಬಿಡಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಗಂಟಾಗಿ ಕಾಣುವುದನ್ನು ಬಿಡಿಸಿದರೆ ಮೂರು ಎಳೆ ಸಿಗುತ್ತವೆ. ಜನ ನಗುತ್ತಾರೆ ಎಂಬ ನಾಚಿಕೆ ಒಂದು. ರಜೆಯ ರಾತ್ರಿ ಕೈಮೀರಿ ನೋಡುವುದು ಇನ್ನೊಂದು. ಮದುವೆಯಾಗುವ ಹುಡುಗಿಗೆ ಹೇಳದೆ ಉಳಿಸಿಕೊಂಡಿರುವುದು ಮೂರನೆಯದು. ಈ ಮೂರಕ್ಕೂ "ಅನಿಮೆ ಬಿಟ್ಟರೆ ಸರಿಹೋಗುತ್ತದೆ" ಎಂಬ ಒಂದೇ ಔಷಧಿ ಹಚ್ಚಲು ನೋಡಿದ್ದೀರಿ, ಅದಕ್ಕೇ ಮೂರು ಸಲವೂ ಹತ್ತಲಿಲ್ಲ. ಮನಸ್ಸು ಬೆಳೆದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೆಲಸ ನಿಭಾಯಿಸುತ್ತಿದ್ದೀರಿ, ಮದುವೆಗೆ ತಯಾರಾಗುತ್ತಿದ್ದೀರಿ, ಸಂಗಾತಿಯಿಂದ ಮುಚ್ಚಿಟ್ಟದ್ದಕ್ಕೆ ಮನಸ್ಸು ಚುಚ್ಚುತ್ತಿದೆ. ಬೆಳೆಯದ ಮನಸ್ಸಿನ ಲಕ್ಷಣ ಇದಲ್ಲ.

ನಿಮ್ಮನ್ನು ಕುಕ್ಕಿದ "ಕಾರ್ಟೂನ್" ಎಂಬ ಮಾತಿನಿಂದ ಶುರು ಮಾಡೋಣ. ಚಿತ್ರ ಬರೆದು ಓಡಿಸಿದ್ದೆಲ್ಲ ಮಕ್ಕಳದ್ದು ಎಂಬುದು ಹುಟ್ಟಿನಿಂದ ಬಂದ ಸತ್ಯವಲ್ಲ, ಟಿವಿ ವೇಳಾಪಟ್ಟಿಯಿಂದ ಬಂದ ಅಭ್ಯಾಸ. ಅಮೆರಿಕದ ಚಾನೆಲ್‌ಗಳು 1960ರ ದಶಕದಲ್ಲಿ ಕಾರ್ಟೂನುಗಳನ್ನು ಶನಿವಾರ ಬೆಳಗಿನ ಹೊತ್ತಿಗೆ ತಳ್ಳಿ, ಮಕ್ಕಳಿಗೆ ಆಟಿಕೆ ಮತ್ತು ತಿಂಡಿ ಮಾರುವ ಜಾಹೀರಾತುಗಳ ನಡುವೆ ಕೂರಿಸಿದವು. ಆ ಕಾರ್ಯಕ್ರಮಗಳು ಜಗತ್ತಿನ ತುಂಬ ಹರಡಿದಾಗ ಅವುಗಳ ಜೊತೆಗೇ ಆ ಅಭಿಪ್ರಾಯವೂ ಹರಡಿತು.

ಜಪಾನಿನಲ್ಲಿ ಆದದ್ದೇ ಬೇರೆ. ಅಲ್ಲಿ ಅನಿಮೆಗೆ ಬೇರು ಮಂಗಾ, ಅಂದರೆ ಚಿತ್ರಗಳಲ್ಲಿ ಹೇಳುವ ಕಾಮಿಕ್ಸ್ ಕತೆ. ಎರಡನೇ ಮಹಾಯುದ್ಧದ ನಂತರ ಮಂಗಾ ಓದುತ್ತಾ ಬೆಳೆದ ಮಕ್ಕಳು ದೊಡ್ಡವರಾದ ಮೇಲೂ ಓದು ಬಿಡಲಿಲ್ಲ, ಪ್ರಕಾಶಕರೂ ಅವರ ಬೆನ್ನು ಬಿಡಲಿಲ್ಲ. 1957ರಲ್ಲಿ ಮಂಗಾ ಕಲಾವಿದ ಯೊಶಿಹಿರೊ ತತ್ಸುಮಿ ತನ್ನ ಕತೆಗಳು ಮಕ್ಕಳದ್ದಲ್ಲ ಎಂದು ತೋರಿಸಲು "ಗೆಕಿಗಾ" ಎಂಬ ಬೇರೆ ಹೆಸರನ್ನೇ ಬಳಕೆಗೆ ತಂದ. 1968ರಲ್ಲಿ ಹುಡುಗರಿಗಾಗಿ ಶೊನೆನ್ ಜಂಪ್ ಎಂಬ ಮಂಗಾ ಪತ್ರಿಕೆ ಹೊರಟಿತು, ಅದೇ ವರ್ಷ ದೊಡ್ಡವರಿಗಾಗಿ ಬಿಗ್ ಕಾಮಿಕ್ ಕೂಡ ಹೊರಟಿತು. ನೀವು ದಿನಾ ಬಳಸುವ ಶೊನೆನ್, ಶೊಜೊ, ಸೇನೆನ್, ಜೊಸೇ ಎಂಬ ಪದಗಳು ಕತೆಯ ಜಾತಿಯನ್ನು ಹೇಳುವುದಿಲ್ಲ. ಆ ಕತೆ ಬಂದ ಪತ್ರಿಕೆ ಯಾರನ್ನು ಓದುಗರೆಂದು ಎಣಿಸಿತ್ತು ಎಂಬುದನ್ನು ಹೇಳುತ್ತವೆ: ಹುಡುಗರು, ಹುಡುಗಿಯರು, ಬೆಳೆದ ಗಂಡಸರು, ಬೆಳೆದ ಹೆಂಗಸರು. ದೊಡ್ಡವರಿಗೆಂದೇ ಎರಡು ಕಪಾಟು ಇರುವ ಅಂಗಡಿಯನ್ನು ಮಕ್ಕಳ ಅಂಗಡಿ ಅನ್ನುವುದು ಹೇಗೆ?

ಒಂದೇ ಮಾಧ್ಯಮದೊಳಗೆ ಎಷ್ಟು ಅಂತರ ಎನ್ನುವುದಕ್ಕೆ 1988ರ ಏಪ್ರಿಲ್ 16 ನೋಡಿ. ಮೈ ನೇಬರ್ ಟೊಟೊರೊ ಮತ್ತು ಗ್ರೇವ್ ಆಫ್ ದಿ ಫೈರ್‌ಫ್ಲೈಸ್ ಎಂಬ ಎರಡು ಸಿನಿಮಾಗಳು ಒಂದೇ ಟಿಕೆಟ್ಟಿಗೆ ಒಟ್ಟಿಗೆ ತೆರೆಗೆ ಬಂದವು. ಮೊದಲನೆಯದರಲ್ಲಿ ಇಬ್ಬರು ಪುಟ್ಟ ಅಕ್ಕತಂಗಿಯರು ಕಾಡಿನ ದೈವದ ಗೆಳೆತನ ಮಾಡುತ್ತಾರೆ. ಎರಡನೆಯದರಲ್ಲಿ ಬಾಂಬಿಗೆ ತಾಯಿಯನ್ನು ಕಳೆದುಕೊಂಡ ಅಣ್ಣ ತಂಗಿ ಹಸಿದು ಸಾಯುತ್ತಾರೆ. ಎರಡೂ ಕೈಯಲ್ಲಿ ಬರೆದವೇ, ಎರಡೂ ಅನಿಮೆಯೇ. ಇನ್ನು ದೊಡ್ಡ ಕಣ್ಣಿನ ಮುಖಗಳು ಎಳಸಾಗಿ ಕಾಣುತ್ತವೆ ಎಂಬ ದೂರು ಇದ್ದದ್ದೇ. ಡಿಸ್ನಿ ಚಿತ್ರಗಳನ್ನು ಮೆಚ್ಚಿಕೊಂಡಿದ್ದ ಮಂಗಾ ಕಲಾವಿದ ಒಸಾಮು ತೆಜುಕಾನ ಕೈಯಿಂದ ಆ ಶೈಲಿ ಹರಡಿತು. 1963ರ ಜನವರಿ 1ರಂದು ಶುರುವಾದ ಅವನ ಆಸ್ಟ್ರೊ ಬಾಯ್ ಸರಣಿಗೆ ಹಣವೂ ಕಡಿಮೆ, ಸಮಯವೂ ಕಡಿಮೆ. ಮೈಕೈ ಅಲ್ಲಾಡಿಸಲು ಚಿತ್ರಗಳು ಸಾಲದಿದ್ದಾಗ ಭಾವವನ್ನು ಕಣ್ಣೊಂದರಲ್ಲೇ ತೋರಿಸುವುದು ಅಗ್ಗದ ದಾರಿ. ಅದು ವಯಸ್ಸಿನ ಗುರುತಲ್ಲ, ಜೇಬಿನ ಗುರುತು.

ಇಷ್ಟು ಹೇಳಿದೆ ಎಂದು ಇದನ್ನೆಲ್ಲ ಊಟದ ಮೇಜಿನ ಮೇಲೆ ಸುರಿಯಬೇಡಿ. ಸ್ಪಿರಿಟೆಡ್ ಅವೇ ಎಂಬ ಅನಿಮೆ ಸಿನಿಮಾಕ್ಕೆ 2003ರಲ್ಲಿ ಆಸ್ಕರ್ ಬಂತು, ಅದಕ್ಕೂ ಮುಂಚೆ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಬಂತು ಎಂದು ಪ್ರಶಸ್ತಿಗಳ ಪಟ್ಟಿ ಒಪ್ಪಿಸುವವರು ಸಮಾಲೋಚನೆಗೆ ಬಂದಾಗ ಒಂದು ವಿಷಯ ಕಾಣುತ್ತದೆ: ಅವರು ತಮಗೆ ಇಷ್ಟವಾದದ್ದನ್ನು ಹೇಳುತ್ತಿಲ್ಲ, ಜಾಮೀನು ಕೇಳುತ್ತಿದ್ದಾರೆ. ಎದುರಿನವನಿಗೆ ಅದು ಕೂಡಲೇ ತಿಳಿಯುತ್ತದೆ. ಈ ವಿವರ ನಿಮ್ಮ ತಿಳಿವಳಿಕೆಗೆ, ವಾದಕ್ಕಲ್ಲ.

ಎರಡನೆಯ ಕಳಂಕ "ಅದನ್ನು ನೋಡುವವರೇ ಒಂಥರಾ" ಎಂಬುದು. ಇದು ಹೊರದೇಶದವರು ಕಟ್ಟಿದ್ದಲ್ಲ, ಜಪಾನಿನಲ್ಲೇ ಹುಟ್ಟಿದ್ದು. "ಒಟಾಕು" ಎಂದರೆ ಮೂಲದಲ್ಲಿ ತಮ್ಮ ಮನೆ. ಎದುರಿನವರನ್ನು ಗೌರವದಿಂದ "ತಾವು" ಎನ್ನುವ ಮಾತು. ಅಭಿಮಾನಿಗಳ ಕೂಟದಲ್ಲಿ ಹುಡುಗರು ಗೆಳೆಯರನ್ನೂ ಹೀಗೆ ತಾವು ತಾವು ಎಂದು ಕರೆಯುತ್ತಿದ್ದುದನ್ನು ಹಿಡಿದು, 1983ರಲ್ಲಿ ಅಕಿಯೊ ನಕಾಮೊರಿ ಎಂಬ ಬರಹಗಾರ ಒಂದು ಪತ್ರಿಕೆಯ ಅಂಕಣದಲ್ಲಿ ಅವರಿಗೆಲ್ಲ ಅದೇ ಹೆಸರಿಟ್ಟು ಹಂಗಿಸಿದ. ಅಲ್ಲಿಯವರೆಗೆ ಅದು ಬರೀ ಗೇಲಿ. 1989ರಲ್ಲಿ ನಾಲ್ವರು ಪುಟ್ಟ ಹುಡುಗಿಯರನ್ನು ಕೊಂದವನೊಬ್ಬ ಸಿಕ್ಕಿಬಿದ್ದ. ಐದು ಸಾವಿರಕ್ಕೂ ಹೆಚ್ಚು ವಿಡಿಯೊ ಟೇಪು ಪೇರಿಸಿದ್ದ ಅವನ ಕೋಣೆಯ ಚಿತ್ರ ಮಾಧ್ಯಮಗಳಲ್ಲೆಲ್ಲ ಬಂತು, "ಒಟಾಕು ಕೊಲೆಗಾರ" ಎಂಬ ಹೆಸರು ಅಂಟಿತು. ಒಬ್ಬನ ಪಾಪ ಕೋಣೆ ತುಂಬ ಟೇಪು ಇಟ್ಟುಕೊಂಡ ಎಲ್ಲರ ತಲೆಗೆ ಬಂತು. ಆಮೇಲೆ ಗಾಳಿ ನಿಧಾನವಾಗಿ ತಿರುಗಿತು. 2004ರಲ್ಲಿ ಜಪಾನಿನ ಅಂತರಜಾಲದಲ್ಲಿ ಮೂಡಿದ ಒಬ್ಬ ಸಂಕೋಚದ ಒಟಾಕುವಿನ ಪ್ರೇಮಕತೆ ಪುಸ್ತಕವಾಗಿ, ಮರುವರ್ಷ ಸಿನಿಮಾ, ಟಿವಿ ಧಾರಾವಾಹಿಯಾಗಿ ಮನೆಮಾತಾಯಿತು. 2013ರಲ್ಲಿ ಸರ್ಕಾರವೇ ತನ್ನ ಸಂಸ್ಕೃತಿಯನ್ನು ಹೊರದೇಶಕ್ಕೆ ಒಯ್ಯಲು ಕೂಲ್ ಜಪಾನ್ ಎಂಬ ನಿಧಿ ತೆರೆಯಿತು. ಒಂದು ಕಾಲದ ಬೈಗುಳ ಸರ್ಕಾರದ ಸರಕಾಯಿತು. ಸಿನಿಮಾ ಹಿಡಿಸಿತು ಎಂಬಷ್ಟಕ್ಕೇ ಯಾರ ಗುಣವೂ ಅಳತೆಗೆ ಸಿಗುವುದಿಲ್ಲ ಎಂಬುದು ಆಗಲೂ ನಿಜ, ಈಗಲೂ ನಿಜ.

ಇದರ ಜೊತೆ ಇನ್ನೊಂದು ಪದವನ್ನು ಕಲಸುತ್ತಾರೆ, ಹಿಕಿಕೊಮೊರಿ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಶಾಲೆ, ಕೆಲಸ, ಸ್ನೇಹ ಎಲ್ಲವನ್ನೂ ಬಿಟ್ಟು ಮನೆಯೊಳಗೇ ಉಳಿದುಬಿಡುವ ಸ್ಥಿತಿಗೆ ಜಪಾನಿನಲ್ಲಿ ಇಟ್ಟ ಹೆಸರು ಅದು. ಅಂಥವರು ಅನಿಮೆ ನೋಡುತ್ತಿರಬಹುದು. ಆದರೆ ಅನೇಕ ಸಲ ಕದ ಮೊದಲು ಮುಚ್ಚಿರುತ್ತದೆ, ಶಾಲೆಯ ಕಿರುಕುಳಕ್ಕೋ ಕೆಲಸ ಕಳೆದುಕೊಂಡದ್ದಕ್ಕೋ. ಪರದೆ ಹೊತ್ತುವುದು ಆಮೇಲೆ. ಒಬ್ಬನೇ ಊಟ ಮಾಡುವುದು ನಿಮಗೆ ಅನಿಮೆಯಿಂದ ಬಂದದ್ದೋ ಆ ಸಹೋದ್ಯೋಗಿಯ ನಗುವಿನಿಂದ ಬಂದದ್ದೋ, ನೀವೇ ತಾರೀಖು ನೋಡಿ. ಹೈಸ್ಕೂಲಿನಿಂದ ನೋಡುತ್ತಿದ್ದೀರಿ. ಊಟದ ಮೇಜು ಬಿಟ್ಟದ್ದು ಮೂರು ತಿಂಗಳ ಹಿಂದೆ.

ಹಾಗಂತ ಟೀಕೆಯೆಲ್ಲ ಸುಳ್ಳು ಎನ್ನುವ ಅಭಿಮಾನಿಗಳ ಮಾತಿಗೂ ನಾನು ತಲೆಯಾಡಿಸುವುದಿಲ್ಲ. ನಿಮ್ಮ ಸಹೋದ್ಯೋಗಿ ತೋರಿಸಿದ ಚಿತ್ರ ಬಹುಶಃ ಹೆಂಟಾಯ್ ಎಂಬ ವಯಸ್ಕರ ದಂಧೆಯದ್ದು. ನೀಲಿಚಿತ್ರಕ್ಕೂ ಸಿನಿಮಾಕ್ಕೂ ಇರುವಷ್ಟೇ ನಂಟು ಅದಕ್ಕೂ ನೀವು ನೋಡುವುದಕ್ಕೂ. ಆದರೆ ಸಾಮಾನ್ಯ ಟಿವಿ ಸರಣಿಗಳಲ್ಲೂ ಕತೆಗೆ ಬೇಕಿಲ್ಲದ ಕಡೆ ಮೈ ತೋರಿಸುವ ಚಾಳಿ ಇದೆ, "ಫ್ಯಾನ್ ಸರ್ವಿಸ್" ಅನ್ನುತ್ತಾರೆ. ಅದಕ್ಕಿಂತ ಅಸಹ್ಯ, ಶಾಲೆಯ ಹುಡುಗಿಯರನ್ನು ಹಾಗೆ ತೋರಿಸುವುದು. ಜಪಾನ್ 2014ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿದರೂ ಮಂಗಾ, ಅನಿಮೆಗಳನ್ನು ಹೊರಗಿಟ್ಟಿತು. ಬ್ರಿಟನ್ನಿನ 2009ರ ಕಾನೂನಿನಲ್ಲಿ ಬರೆದ ಚಿತ್ರಕ್ಕೂ ಶಿಕ್ಷೆಯಿದೆ. ಅಂಥದ್ದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದರೆ "ಬರೀ ಚಿತ್ರ ತಾನೆ" ಎಂಬ ಸಮಾಧಾನ ಎಲ್ಲ ದೇಶದಲ್ಲೂ ನಡೆಯುವುದಿಲ್ಲ. ನಿಮ್ಮ ಸಂಗಾತಿ ಈ ವಿಷಯ ಎತ್ತಿದರೆ ಅದು ಪೂರ್ವಗ್ರಹವಲ್ಲ, ನ್ಯಾಯವಾದ ಪ್ರಶ್ನೆ. ನಿಮ್ಮ ಪಟ್ಟಿಯಲ್ಲಿ ಅಂಥವು ಇವೆಯೇ ಎಂದು ಮೊದಲು ನೀವೇ ನೋಡಿಕೊಂಡಿರಬೇಕು.

ಅಣ್ಣ ಹೇಳಿದ ಫಿಟ್ಸ್ ಕತೆಗೂ ಒಂದು ಬುಡ ಇದೆ. 1997ರ ಡಿಸೆಂಬರ್ 16ರಂದು ಪೊಕೆಮಾನ್ ಸರಣಿಯ ಒಂದು ಎಪಿಸೋಡಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಂತೆ ಕೆಲವು ಸೆಕೆಂಡು ಮಿನುಗಿತು. ಜಪಾನಿನಾದ್ಯಂತ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ದರು. ತಪ್ಪು ಮಿನುಗುವ ವೇಗದ್ದು, ಬಣ್ಣಗಳದ್ದು. ಅನಿಮೆ ಎಂಬುದರದ್ದಲ್ಲ, ಡಿಸ್ಕೊ ದೀಪ, ವಿಡಿಯೊ ಗೇಮಿನಿಂದಲೂ ಅದು ಆಗಬಲ್ಲದು. 1998ರಲ್ಲಿ ಅಲ್ಲಿನ ಪ್ರಸಾರಕರು ಮಿನುಗುವಿಕೆಗೆ ಮಿತಿ ಹಾಕಿದರು. "ಕೋಣೆಗೆ ಬೆಳಕು ಮಾಡಿ, ಪರದೆಯಿಂದ ದೂರ ಕೂತು ನೋಡಿ" ಎಂಬ ಸೂಚನೆ ಇವತ್ತಿಗೂ ಜಪಾನೀ ಎಪಿಸೋಡುಗಳ ಶುರುವಿನಲ್ಲಿ ಬರುವುದು ಅದಕ್ಕೇ. ನಿಮಗೆ ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ನರರೋಗ ತಜ್ಞರನ್ನು ಕೇಳಿ. ಇಲ್ಲದಿದ್ದರೆ ದೀಪ ಹಾಕಿಕೊಂಡು ನೋಡಿ, ಸಾಕು.

ಇನ್ನು ಚಟದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಚಟಕ್ಕೆ ಜಾಗವಿದೆ, ಅನಿಮೆ ನೋಡುವುದಕ್ಕೆ ಇಲ್ಲ. ಆದರೂ ಗೇಮಿಂಗಿಗೆ ಹಾಕುವ ಅಳತೆಗೋಲನ್ನು ಎರವಲು ತರಬಹುದು. ಯಾವಾಗ ಶುರು, ಎಲ್ಲಿಗೆ ನಿಲ್ಲಿಸು ಎಂಬ ಹಿಡಿತ ತಪ್ಪಿದೆಯೇ? ಬೇರೆ ಆಸಕ್ತಿ, ಕರ್ತವ್ಯಗಳನ್ನೆಲ್ಲ ಅದು ಹಿಂದಕ್ಕೆ ತಳ್ಳಿದೆಯೇ? ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುತ್ತಿದೆಯೇ? ಈ ಮೂರೂ ಸುಮಾರು ಹನ್ನೆರಡು ತಿಂಗಳು ಇದ್ದು ಬದುಕಿಗೆ ಏಟು ಬಿದ್ದಿದ್ದರೆ ಮಾತ್ರ ರೋಗದ ಮಾತು. ನಿಮ್ಮಲ್ಲಿ ಮೊದಲನೆಯದು, ಅದೂ ರಜೆಯ ರಾತ್ರಿಗಳಲ್ಲಿ, ಒಂದಿಷ್ಟು ಇದೆ. ಉಳಿದೆರಡು ಪತ್ರದಲ್ಲಿ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಎಪಿಸೋಡ್ ಸುಮಾರು 24 ನಿಮಿಷ. ವಾರದ ದಿನ ಎರಡೆಂದರೆ 48 ನಿಮಿಷ. ಇದಕ್ಕೆ ಯಾರೂ ವೈದ್ಯರ ಬಳಿ ಹೋಗುವುದಿಲ್ಲ. ಹನ್ನೆರಡು ಎಪಿಸೋಡಿನ ಸೀಸನ್ ಒಂದೇ ಕೂತಕ್ಕೆ ಎಂದರೆ 288 ನಿಮಿಷ, ಐದು ಗಂಟೆಗೆ ಹನ್ನೆರಡು ನಿಮಿಷ ಕಡಿಮೆ. ರಾತ್ರಿ ಹತ್ತಕ್ಕೆ ಕೂತರೆ ಏಳುವುದು ಮೂರರ ಹೊತ್ತಿಗೆ. ಕಳೆದುಹೋಗುತ್ತಿರುವುದು ನಿದ್ದೆ, ವಯಸ್ಸಿಗೆ ತಕ್ಕ ಬುದ್ಧಿಯಲ್ಲ.

ಕೈಮೀರುವುದಕ್ಕೆ ಕಾರಣ ಮನೋದೌರ್ಬಲ್ಯಕ್ಕಿಂತ ಹೆಚ್ಚಾಗಿ ಕಟ್ಟಣೆ. ಮುಂದಿನ ವಾರವೂ ನೋಡುಗ ಬರಲಿ ಎಂದು ಎಪಿಸೋಡಿನ ಕೊನೆಯ ಎರಡು ನಿಮಿಷದಲ್ಲಿ ಕತೆಯನ್ನು ಕತ್ತಿಯ ಅಂಚಿಗೆ ತಂದು ನಿಲ್ಲಿಸುತ್ತಾರೆ. ವಾರಕ್ಕೊಮ್ಮೆ ನೋಡುವವರಿಗೆಂದು ಕಟ್ಟಿದ ಆ ಕೊಕ್ಕೆಯನ್ನು ನೀವು ಒಂದೇ ರಾತ್ರಿಯಲ್ಲಿ ಹನ್ನೊಂದು ಸಲ ನುಂಗುತ್ತೀರಿ, ಮೇಲೆ ಆಟೋಪ್ಲೇ ಬೇರೆ. ಅದಕ್ಕೆ ಕೊನೆಯಲ್ಲಿ ನಿಲ್ಲಿಸಲು ಹೆಣಗಬೇಡಿ, ನಡುವೆ ನಿಲ್ಲಿಸಿ. ಟಿವಿಗೆಂದು ಮಾಡಿದ ಬಹಳಷ್ಟು ಸರಣಿಗಳಲ್ಲಿ ಹತ್ತು ಹನ್ನೆರಡನೆಯ ನಿಮಿಷದ ಹೊತ್ತಿಗೆ ಜಾಹೀರಾತಿಗೆ ಬಿಟ್ಟ ಜಾಗದಲ್ಲಿ ಸರಣಿಯ ಹೆಸರು ಹೊತ್ತ ಒಂದು ಚಿತ್ರ ಕೆಲವು ಸೆಕೆಂಡು ಬಂದು ಹೋಗುತ್ತದೆ, ಐಕ್ಯಾಚ್ ಎನ್ನುತ್ತಾರೆ. ಕತೆ ಅಲ್ಲಿ ಒಮ್ಮೆ ಉಸಿರು ಬಿಡುತ್ತದೆ, ಎಳೆತ ಕಡಿಮೆ. ಕೊನೆಯ ಎಪಿಸೋಡನ್ನು ಅಲ್ಲಿಗೆ ನಿಲ್ಲಿಸಿ ಮಲಗಿ, ನಾಳೆ ಅಲ್ಲಿಂದಲೇ ಎತ್ತಿಕೊಳ್ಳಿ. ಐಕ್ಯಾಚ್ ಇಲ್ಲದ ಸರಣಿಯಾದರೆ ಹನ್ನೆರಡನೆಯ ನಿಮಿಷವೇ ಗಡಿ. ಮೊದಲ ಎರಡು ಮೂರು ರಾತ್ರಿ ಕಿರಿಕಿರಿಯಾಗುತ್ತದೆ, ಆಮೇಲೆ ರೂಢಿ. ಆಟೋಪ್ಲೇಯನ್ನು ಫೋನು, ಟಿವಿ, ಲ್ಯಾಪ್‌ಟಾಪ್ ಮೂರರಲ್ಲೂ ಆರಿಸಿ. ಕೆಲವು ಆ್ಯಪ್‌ಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಸಾಧನಕ್ಕೂ ಬೇರೆಬೇರೆ ಇರುತ್ತದೆ, ಒಂದರಲ್ಲಿ ಆರಿಸಿ ಉಳಿದದ್ದು ಮರೆಯುತ್ತಾರೆ.

ಇದರ ಜೊತೆ ಹದಿನಾಲ್ಕು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಕೂತ ಹೊತ್ತು, ಎಷ್ಟು ನೋಡಬೇಕೆಂದುಕೊಂಡಿರಿ, ಎಷ್ಟು ನೋಡಿದಿರಿ, ಮಲಗಿದ ಹೊತ್ತು, ಕೂರುವ ಮುಂಚೆ ಮನಸ್ಸು ಹೇಗಿತ್ತು. ಕೊನೆಯದನ್ನು ಒಂದೇ ಪದದಲ್ಲಿ ಬರೆದರೂ ಸಾಕು. ಮಿತಿ ಮೀರಿದ್ದು ಎರಡು ಮೂರು ದಿನವಾದರೆ ಅದು ಆಟೋಪ್ಲೇಯ ತೊಂದರೆ. ಅರ್ಧಕ್ಕಿಂತ ಹೆಚ್ಚು ದಿನ ಮೀರಿದ್ದು, ಪ್ರತಿ ಸಲವೂ ಮುಂಚಿನ ಪದ "ಭಯ", "ಬೇಸರ" ಎಂದೇ ಇದ್ದರೆ ನೋಡುವುದನ್ನು ಕಡಿಮೆ ಮಾಡುವುದು ಎರಡನೆಯ ಮಾತು. ನೀವು ಏನಿಂದ ಓಡಿಬರುತ್ತಿದ್ದೀರಿ ಎಂಬುದನ್ನು ಮೊದಲು ಹಿಡಿಯಬೇಕು.

ಮೂರು ಸಲ ಅಳಿಸಿ ಮೂರು ಸಲ ಮರಳಿದ್ದು ಚಟದ ಸಾಕ್ಷಿಯೆಂದು ಬಗೆದಿದ್ದೀರಿ. ಯೋಚಿಸಬಾರದು ಎಂದು ಹಟ ಹಿಡಿದದ್ದೇ ಮತ್ತೆ ಮತ್ತೆ ತಲೆಗೆ ಬರುತ್ತದೆ. ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲೇ "ಬಿಳಿ ಕರಡಿಯನ್ನು ನೆನೆಯಬೇಡಿ" ಎಂದು ಹೇಳಿ ಇದನ್ನು ತೋರಿಸಿದರು. ನೀವು ಬಿಟ್ಟದ್ದು ಬೇಡವಾಗಿ ಅಲ್ಲ, ನಾಚಿಕೆಯಾಗಿ. ನಾಚಿಕೆಯ ಬಿಸಿ ಹತ್ತು ಹದಿನೈದು ದಿನಕ್ಕೆ ಆರುತ್ತದೆ, ಇಷ್ಟ ಆರುವುದಿಲ್ಲ. ಆಮೇಲೆ ಇಷ್ಟು ದಿನ ಬಿಟ್ಟಿದ್ದಕ್ಕೆ ಬಡ್ಡಿ ಸೇರಿಸಿ ನೋಡುತ್ತೀರಿ.

ಇಲ್ಲಿಗೆ ಬಂದಮೇಲೆ ಮುಚ್ಚಿಡುವುದರ ಬಗ್ಗೆ ಹೇಳಲೇಬೇಕು, ನನ್ನ ಲೆಕ್ಕದಲ್ಲಿ ನಿಮ್ಮ ನಿಜವಾದ ತೊಂದರೆ ಅದು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕದ ಬಗ್ಗೆ ಬರೆಯುವಾಗ ಎರಡು ಬಗೆ ಮಾಡಿದ: ಎಲ್ಲರ ಕಣ್ಣಿಗೂ ಬೀಳುವ ಕಳಂಕ, ಯಾವಾಗ ಬೇಕಾದರೂ ಬಯಲಾಗಬಹುದಾದ ಕಳಂಕ. ಎರಡನೆಯವರ ಕಷ್ಟವೇ ಬೇರೆ. ಅವರನ್ನು ಯಾರೂ ಬೈದಿರುವುದಿಲ್ಲ, ಆದರೆ ಇಡೀ ದಿನ ಕಾವಲು ಕಾಯುತ್ತಿರುತ್ತಾರೆ. ಯಾರಿಗೆ ಏನು ಹೇಳಿದೆ, ಹೆಡ್‌ಫೋನ್ ಹೊರಗೆ ಕೇಳಿಸಿತೇ, ಟ್ಯಾಬ್ ಬದಲಾಯಿತೇ. ನೀವು ಫುಟ್‌ಬಾಲ್ ಟ್ಯಾಬ್‌ಗೆ ಹಾರುವಾಗ ಕೈ ಎಷ್ಟು ಬೇಗ ಓಡುತ್ತದೋ ಗಮನಿಸಿ. ಕಳ್ಳತನ ಮಾಡದವನ ಕೈಗೆ ಕಳ್ಳನ ಅಭ್ಯಾಸ ಬಂದಿದೆ. ಅದನ್ನು ದಿನಾ ಮಾಡುತ್ತಾ ಹೋದರೆ "ನಾನು ಮಾಡುತ್ತಿರುವುದು ತಪ್ಪೇ ಇರಬೇಕು" ಎಂದು ಮನಸ್ಸು ಕೈಯನ್ನು ನೋಡಿ ಕಲಿಯುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಗಾದೆಯಲ್ಲಿ ಹೆಗಲು ಮುಟ್ಟಿಕೊಂಡವನು ಕಳ್ಳನೇ. ನೀವು ಕುಂಬಳಕಾಯಿ ಮುಟ್ಟದೆಯೇ ಹೆಗಲು ಒರೆಸಿಕೊಳ್ಳುತ್ತಿದ್ದೀರಿ.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಅನಿಸಿಕೆಗೂ ಒಂದು ಅಳತೆ ಸಿಕ್ಕಿದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರದ ಟೀಶರ್ಟ್ ತೊಡಿಸಿ, ಜನರಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಮಂದಿಯಾದರೂ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಕಾಲುಭಾಗದಷ್ಟು. ನಿಮ್ಮ ಊಟದ ಮೇಜಿನಲ್ಲಿದ್ದವರೂ ಅವತ್ತು ಎರಡು ನಿಮಿಷ ನಕ್ಕು ತಮ್ಮ ಡಬ್ಬಿಗೆ ಮರಳಿರುತ್ತಾರೆ. ಮೂರು ತಿಂಗಳಿಂದ ಆ ದೃಶ್ಯ ಮತ್ತೆ ಮತ್ತೆ ಓಡಿಸುತ್ತಿರುವುದು ನೀವೊಬ್ಬರೇ.

ಈಗ ದಾರಿಗಳು. ಪೂರ್ತಿ ಬಿಡುವುದು ಒಂದು. ಆಸಕ್ತಿಯೇ ಕುಂದಿದ್ದರೆ ಬಿಡಿ, ನಷ್ಟವಿಲ್ಲ. ನಾಚಿಕೆಗಾಗಿ ಬಿಟ್ಟರೆ ನಾಲ್ಕನೆಯ ಸಲವೂ ಮರಳುತ್ತೀರಿ, ಅದೂ ಮದುವೆಯಾದ ಮೇಲೆ, ಇನ್ನೂ ಗುಟ್ಟಾಗಿ. ಹೀಗೇ ಮುಚ್ಚಿಟ್ಟುಕೊಂಡು ಹೋಗುವುದು ಇನ್ನೊಂದು. ಆಫೀಸಿನ ಮಟ್ಟಿಗೆ ಅದು ತಪ್ಪೇನಲ್ಲ, ಮನೆಯಲ್ಲಿ ಏನು ನೋಡುತ್ತೀರಿ ಎಂದು ಎಲ್ಲರಿಗೂ ಒಪ್ಪಿಸಬೇಕಿಲ್ಲ. ಒಂದೇ ಮನೆಯಲ್ಲಿ ಬಾಳುವವರಿಂದ ಮುಚ್ಚಿಡುವುದು ಮಾತ್ರ ದುಬಾರಿ. ರಾತ್ರಿ ಒಂದಕ್ಕೆ ಪರದೆಯ ಬೆಳಕು ಕಂಡು, ಹೆಜ್ಜೆ ಸದ್ದಿಗೆ ನೀವು ಟ್ಯಾಬ್ ಬದಲಿಸಿದರೆ, ನೋಡಿದವರು ಊಹಿಸುವುದು ಅನಿಮೆಯನ್ನಲ್ಲ. ಒಮ್ಮೆಲೇ ಎಲ್ಲರೆದುರು ಸಾರಿಬಿಡುವುದನ್ನು ಕೆಲವರು ಧೈರ್ಯ ಎನ್ನುತ್ತಾರೆ. ನಿಮ್ಮ ಈಗಿನ ಮನಸ್ಥಿತಿಯಲ್ಲಿ ಒಂದು ತಣ್ಣನೆಯ ಪ್ರತಿಕ್ರಿಯೆ ಬಂದರೂ ಮತ್ತೆ ಗೂಡು ಸೇರುತ್ತೀರಿ. ಉಳಿದದ್ದು ಆಯ್ದು ಹೇಳುವುದು. ನಾನು ಒತ್ತಿ ಹೇಳುವುದು ಇದನ್ನೇ, ಮೊದಲು ಹುಡುಗಿಗೆ.

ಹೇಳುವಾಗ ಕೆಡುವುದು ಸಾಮಾನ್ಯವಾಗಿ ಮೊದಲ ವಾಕ್ಯದಲ್ಲಿ. "ನಿನಗೊಂದು ಮುಖ್ಯ ವಿಷಯ ಹೇಳಬೇಕು, ಬೇಜಾರು ಮಾಡ್ಕೋಬೇಡ" ಎಂದು ಶುರು ಮಾಡಿದರೆ ಮುಂದಿನ ಮೂರು ಸೆಕೆಂಡಿನಲ್ಲಿ ಅವರ ತಲೆಯಲ್ಲಿ ಸಾಲ, ಕಾಯಿಲೆ, ಇನ್ನೊಬ್ಬಳು ಎಲ್ಲ ಬಂದು ಹೋಗಿರುತ್ತದೆ. ನಡೆಯುವಾಗಲೋ ಅಡುಗೆಮನೆಯಲ್ಲೋ, ಎದುರುಬದುರು ಕೂರದೆ, ಮಾತಿನ ನಡುವೆ ಹೇಳಿ: "ನಾನು ಅನಿಮೆ ನೋಡ್ತೀನಿ, ಹೈಸ್ಕೂಲಿಂದ. ನಗ್ತಾರೆ ಅಂತ ಯಾರಿಗೂ ಹೇಳ್ತಿರ್ಲಿಲ್ಲ. ನಿಂಗೆ ಗೊತ್ತಿರ್ಲಿ ಅನ್ನಿಸ್ತು." ಅಲ್ಲಿಗೆ ನಿಲ್ಲಿಸಿ. ಕ್ಷಮೆ ಕೇಳಬೇಡಿ, ಜಪಾನಿನ ಇತಿಹಾಸ ಬೇಡ. ಅವರು ಕೇಳಿದ್ದಕ್ಕೆ ಉತ್ತರ ಕೊಡಿ. ಆಫೀಸಿನಲ್ಲಿ ಆದದ್ದನ್ನು ಅವತ್ತೇ ಹೇಳಿದರೂ ಸರಿ; ಗುಟ್ಟಿಗೆ ಕಾರಣ ಗೊತ್ತಾದರೆ ಗುಟ್ಟಿನ ಮೇಲಿನ ಸಿಟ್ಟು ಕಡಿಮೆ.

ಅವರು ನಗಬಹುದು. ಎಲ್ಲ ನಗುವೂ ಅವಮಾನವಲ್ಲ, ಸಮಾಧಾನದ ನಗುವೂ ಇರುತ್ತದೆ, "ಇಷ್ಟೇನಾ" ಎಂಬಂಥದ್ದು. ಆಸಕ್ತಿಯಿಲ್ಲ ಎನ್ನಬಹುದು, ಅದು ತೀರಾ ಒಳ್ಳೆಯ ಉತ್ತರ. ಹಣದ ಬಗ್ಗೆ ಕೇಳಬಹುದು. ಫಿಗರ್‌ಗಳಿಗೆ, ಚಂದಾಕ್ಕೆ ಕಳೆದ ವರ್ಷ ಎಷ್ಟಾಯಿತು ಎಂದು ಮುಂಚೆಯೇ ಕೂಡಿಸಿಟ್ಟುಕೊಂಡು ನಿಜವಾದ ಮೊತ್ತ ಹೇಳಿ. ಹೀಯಾಳಿಸಿದರೆ, ಒಂದು ಸಲ ಅಲ್ಲ, ನೋವಾಗುತ್ತದೆ ಎಂದು ನೀವು ಹೇಳಿದ ಮೇಲೂ ಹೀಯಾಳಿಸಿದರೆ, ಅದು ಅನಿಮೆಯ ವಿಷಯವಾಗಿ ಉಳಿದಿರುವುದಿಲ್ಲ. ಇನ್ನೂ ನಾಲ್ಕು ತಿಂಗಳಿದೆ, ಕೂತು ಮಾತಾಡಲು ಸಾಕಷ್ಟು ಸಮಯ.

"ತೋರಿಸು ನೋಡೋಣ" ಎಂದರೆ ಅಭಿಮಾನಿಗಳು ಎಡವುವ ಜಾಗ ಬಂತು. ತಮಗೆ ಪ್ರಾಣವಾದದ್ದನ್ನೇ ಹಾಕುತ್ತಾರೆ, ಎದುರಿನವರ ಮುಖವನ್ನೇ ನೋಡುತ್ತಾ ಕೂರುತ್ತಾರೆ, ನಿಮಿಷಕ್ಕೊಮ್ಮೆ ನಿಲ್ಲಿಸಿ ವಿವರಿಸುತ್ತಾರೆ. 1999ರಲ್ಲಿ ಶುರುವಾಗಿ ಸಾವಿರ ಎಪಿಸೋಡು ದಾಟಿದ ಒನ್ ಪೀಸ್‌ನಂಥದ್ದು ಮೊದಲ ಪರಿಚಯಕ್ಕಲ್ಲ. ಒಂದೇ ಸಂಜೆಗೆ ಮುಗಿಯುವ ಸಿನಿಮಾ ಹಾಕಿ: ಟೊಟೊರೊ 86 ನಿಮಿಷ, ಸ್ಪಿರಿಟೆಡ್ ಅವೇ ಎರಡು ಗಂಟೆ ಐದು ನಿಮಿಷ. ಸಬ್‌ಟೈಟಲ್ ಬೇಕೋ ಡಬ್ಬಿಂಗ್ ಬೇಕೋ ಅವರೇ ಆರಿಸಲಿ. ನಡುವೆ ಎದ್ದು ಹೋದರೆ ಹೋಗಲಿ. ಅವರು ಅನಿಮೆ ಮೆಚ್ಚಲೇಬೇಕು ಎಂಬ ಷರತ್ತು ಎಲ್ಲೂ ಇಲ್ಲ, ನೀವು ನೋಡುವುದು ಅವರಿಗೆ ಗೊತ್ತಿದ್ದರೆ ಆಯಿತು.

ಸಹೋದ್ಯೋಗಿಯ ವಿಷಯಕ್ಕೆ ಎರಡು ಮಾತು. ಗೇಲಿಗೆ ಉತ್ತರ ಚಿಕ್ಕದಿರಲಿ, ದನಿ ಏರಿಳಿಯದಿರಲಿ: "ಹೌದು, ನೋಡ್ತೀನಿ. ನೀನೇನು ನೋಡ್ತಿದ್ದೀಯ ಈಗ?" ಸಮರ್ಥನೆ ಉದ್ದವಾದಷ್ಟೂ ಗೇಲಿಗೆ ಮೇವು. ಅಶ್ಲೀಲ ಚಿತ್ರ ಮೇಜಿನ ಸುತ್ತ ತೋರಿಸಿದ್ದು ಮಾತ್ರ ಗೇಲಿಯಲ್ಲ. ಕೆಲಸದ ಜಾಗದಲ್ಲಿ ಹಾಗೆ ಮಾಡುವುದನ್ನು ಬಹುತೇಕ ಸಂಸ್ಥೆಗಳ ನಿಯಮ ಕಿರುಕುಳ ಎಂದೇ ಎಣಿಸುತ್ತದೆ, ಅಲ್ಲಿದ್ದ ಬೇರೆಯವರಿಗೂ ಮುಜುಗರವಾಗಿರಬಹುದು. ತಾರೀಖು, ಅಲ್ಲಿದ್ದವರ ಹೆಸರು, ಅವನು ಆಡಿದ ಮಾತು ಈಗಲೇ ಬರೆದಿಟ್ಟುಕೊಳ್ಳಿ. ಮತ್ತೊಮ್ಮೆ ಆದರೆ ಎಚ್‌ಆರ್‌ಗೆ ಬರಹದಲ್ಲಿ ಕೊಡಿ. ದೂರು ಕೊಟ್ಟರೆ ಸ್ವಲ್ಪ ದಿನ ವಾತಾವರಣ ಬಿಗಿಯಾಗುತ್ತದೆ, ಅದಕ್ಕೂ ತಯಾರಿರಬೇಕು. ಊಟಕ್ಕೆ ಆ ಮೇಜಿಗೇ ಮರಳಬೇಕೆಂದಿಲ್ಲ. ಅವತ್ತು ನಗದಿದ್ದವರು ಒಬ್ಬರಾದರೂ ಇದ್ದಿರುತ್ತಾರೆ, ಈ ವಾರ ಎರಡು ದಿನ ಅವರೊಬ್ಬರ ಜೊತೆ ಊಟ ಮಾಡಿ.

ಅಣ್ಣನಿಗೆ ಸದ್ಯಕ್ಕೆ ಏನೂ ಹೇಳಬೇಡಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಅನಿಮೆಯೂ ಸಪ್ಪೆಯೆನಿಸಿದರೆ, ನಿದ್ದೆ ಹಸಿವು ಕೆಟ್ಟರೆ, ಕೆಲಸಕ್ಕೆ ಹೋಗಲು ಎದೆ ಹೊಡೆದುಕೊಂಡರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಎನ್ನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಅಲ್ಲಿ "ಅನಿಮೆ ನೋಡ್ತೀನಿ, ಅದಕ್ಕೇ ಹೀಗಾಗಿದೆ" ಎಂದು ನೀವೇ ತೀರ್ಪು ಕೊಟ್ಟು ಶುರು ಮಾಡಬೇಡಿ, ಆದದ್ದನ್ನು ಆದಂತೆ ಹೇಳಿ.

ಇನ್ನು ಪೆಟ್ಟಿಗೆಯ ಫಿಗರ್‌ಗಳು. ಎಸೆಯಬೇಡಿ, ಅವು ಹಾಳಾಗಿಲ್ಲ. ಫಿಗರ್‌ಗಳಿಗೆ ಬಳಸುವುದು ಹೆಚ್ಚಾಗಿ ಪಿವಿಸಿ. ಅದನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತು ಕಾಲ ಕಳೆದಂತೆ ಹೊರಗೆ ಜಿನುಗುತ್ತದೆ. ಗಾಳಿಯಾಡುವ ಕಡೆ ಇಟ್ಟರೆ ಹಾರಿಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ, ಅದರಲ್ಲೂ ಬೆಚ್ಚಗಿನ ಜಾಗದಲ್ಲಿ, ಮೇಲ್ಮೈ ಮೇಲೇ ನಿಂತು ಅಂಟಾಗುತ್ತದೆ. ಕಳಚಿ ಬರುವ ಭಾಗಗಳನ್ನು ಬೇರೆ ಮಾಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ ಬೆರೆಸಿ, ಮೆದು ಬ್ರಷ್ಷಿನಲ್ಲಿ ಹಗುರವಾಗಿ ಉಜ್ಜಿ. ನೀರು ಬಿಸಿಯಾದರೆ ತೆಳುವಾದ ಕತ್ತಿ, ಕೂದಲು ಬಾಗುತ್ತವೆ. ಸ್ಪಿರಿಟ್, ನೇಲ್‌ಪಾಲಿಶ್ ರಿಮೂವರ್ ಮುಟ್ಟಿಸಿದರೆ ಬಣ್ಣವೇ ಎದ್ದು ಬರುತ್ತದೆ. ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಬಿಸಿಲು ನೇರ ಬೀಳದ ತೆರೆದ ಕಪಾಟಿನಲ್ಲಿ ಇಡಿ. ಮತ್ತೆ ಪೆಟ್ಟಿಗೆಗೆ ಹಾಕಿದರೆ ಮತ್ತೆ ಅಂಟಾಗುತ್ತವೆ.